ಹುಣ್ಣು ಹೊತ್ತ ದೇವರು

ವಿಶಾಖಪಟ್ಟಣದ ಬಂದರಿನ ಬಳಿ ಮೂರು ಗುಡ್ಡಗಳುಂಟು. ಒಂದರ ಮೇಲೆ ವೆಂಕಟೇಶ್ವರ, ಒಂದರ ಮೇಲೆ ದರ್ಗಾ, ಮತ್ತೊಂದರ ಮೇಲೆ ಮೇರಿಮಾತೆಯ ಇಗರ್ಜಿ. ವಿಜಯವಾಡದ ಗುಣದಲದಲ್ಲಿ ಫೆಬ್ರವರಿಯ ಉತ್ಸವಕ್ಕೆ ಗುಡ್ಡವೇರುವವರಲ್ಲಿ ಹರಕೆ ಹೊತ್ತ ರೋಗಿಗಳಿರುತ್ತಾರೆ, ಹಿಂದೂಗಳೂ ಇರುತ್ತಾರೆ. ಚರ್ಮರೋಗಕ್ಕೆಂದು ಕುಕ್ಕೆ ಸುಬ್ರಹ್ಮಣ್ಯದ ಹುತ್ತದ ಮಣ್ಣನ್ನು ಪ್ರಸಾದವಾಗಿ ತರುವ ನಮ್ಮವರಿಗೆ ಇದು ಹೊಸದಲ್ಲ. ಆದರೆ ನಾವು ಕಾಣುವ ದೇವರು ಸರ್ವಾಲಂಕಾರಭೂಷಿತ. ಫ್ರಾನ್ಸಿನ ಕೊಲ್ಮಾರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ದೇವರೇ ರೋಗಿಯ ಹುಣ್ಣನ್ನು ಹೊತ್ತ ಚಿತ್ರವೊಂದಿದೆ.

ಇದನ್ನು ಬರೆದವನು ಮತ್ತಿಯಾಸ್ ಗ್ರೂನೆವಾಲ್ಡ್. ಕಾಲ ೧೫೧೨ರಿಂದ ೧೫೧೬. ಇಸೆನ್‌ಹೈಮಿನ ಸಂತ ಅಂತೋನಿಯ ಮಠಕ್ಕಾಗಿ ಬರೆದದ್ದು. ರೋಗಿಗಳ ಶುಶ್ರೂಷೆಯೇ ಆ ಸನ್ಯಾಸಿಗಳ ಕಾಯಕ. ಆಗಿನ ಯೂರೋಪಿನ ಬಡವರ ಆಹಾರ ರೈ ಎಂಬ ಧಾನ್ಯ. ಅದರ ತೆನೆಗೆ ಬೂಷ್ಟು ತಗುಲಿದರೆ, ಆ ಹಿಟ್ಟಿನ ರೊಟ್ಟಿ ತಿಂದವರ ಮೈ ಬೆಂಕಿಯಂತೆ ಉರಿಯುತ್ತಿತ್ತು. ಬೆರಳುಗಳು ಕಪ್ಪಾಗಿ ಕಳಚಿ ಬೀಳುತ್ತಿದ್ದುವು. ಜನರು ಇದನ್ನು ಸಂತ ಅಂತೋನಿಯ ಬೆಂಕಿ ಎಂದರು. ಮಠದಲ್ಲಿ ಕೊಡುತ್ತಿದ್ದ ಒಳ್ಳೆಯ ರೊಟ್ಟಿಯೇ, ಕಾರಣ ತಿಳಿಯದಿದ್ದರೂ, ನಿಜವಾದ ಔಷಧವಾಯಿತು. ನಮ್ಮ ದೇಶದಲ್ಲಿಯೂ ೧೯೭೫ರಲ್ಲಿ ಇಂಥದೇ ಬೂಷ್ಟು ಹಿಡಿದ ಸಜ್ಜೆ ತಿಂದು ಜನರು ಕಾಯಿಲೆ ಬಿದ್ದರು.

ಮಠಕ್ಕೆ ಬಂದ ರೋಗಿಗಳನ್ನು ಈ ಚಿತ್ರದ ಮುಂದೆ ಕರೆತರುತ್ತಿದ್ದರು. ಚಿತ್ರ ಸುಮಾರು ೯ ಅಡಿ ಎತ್ತರ, ೧೦ ಅಡಿ ಅಗಲ. ಹಿನ್ನೆಲೆಯಲ್ಲಿ ಕತ್ತಲು. ಭಾರಕ್ಕೆ ಶಿಲುಬೆಯ ಅಡ್ಡಮರ ಬಾಗಿದೆ. ಯೇಸುವಿನ ಬೆರಳುಗಳು ನೋವಿಗೆ ಸೆಟೆದು ನಿಂತಿವೆ. ಹಸಿರುಗಟ್ಟಿದ ಮೈತುಂಬ ಮುಳ್ಳು, ಹುಣ್ಣು. ಎಡಕ್ಕೆ ತಾಯಿ ಬಿಳಿಯ ಬಟ್ಟೆಯಲ್ಲಿ ಮೂರ್ಛೆ ಹೋಗುತ್ತಿದ್ದಾಳೆ; ಶಿಷ್ಯ ಯೋಹಾನನು ಆತುಕೊಂಡಿದ್ದಾನೆ. ಮಗ್ದಲದ ಮರಿಯಳು ಮಂಡಿಯೂರಿದ್ದಾಳೆ. ಬಲಕ್ಕೆ, ಈ ಘಟನೆಗೆ ಮೊದಲೇ ತೀರಿಕೊಂಡಿದ್ದ ಸ್ನಾನಿಕ ಯೋಹಾನನು ಬೆರಳು ಚಾಚಿ ಯೇಸುವನ್ನು ತೋರಿಸುತ್ತಿದ್ದಾನೆ.

ಕಣ್ಣಿಗೆ ಹಿತವಾದ ಚಿತ್ರವಲ್ಲ, ನಿಜ. ಆದರೆ ಅದು ಹಿತಕ್ಕಾಗಿ ಬರೆದದ್ದೂ ಅಲ್ಲ. ಊರಿನಲ್ಲಿ ಮುಖ ತೋರಿಸಲಾರದ ರೋಗಿ ಅಲ್ಲಿ ತನ್ನ ಹುಣ್ಣನ್ನೇ ದೇವರ ಮೈಮೇಲೆ ಕಂಡ. ಹಬ್ಬದ ದಿನಗಳಲ್ಲಿ ಈ ಹಲಗೆಗಳನ್ನು ಬಾಗಿಲಿನಂತೆ ತೆರೆದರೆ ಒಳಗೆ ಇನ್ನೊಂದು ಚಿತ್ರ: ಅದೇ ಯೇಸು ಹುಣ್ಣಿಲ್ಲದ ಬೆಳ್ಳನೆಯ ಮೈಯಿಂದ, ಸೂರ್ಯನಂಥ ಪ್ರಭೆಯ ನಡುವೆ ಮೇಲೇಳುತ್ತಾನೆ.

ನಮ್ಮ ಮನೆಗಳಲ್ಲಿ ಕುಷ್ಠವೋ ತೊನ್ನೋ ಕಾಣಿಸಿಕೊಂಡರೆ, ಮಗಳ ಮದುವೆಗೆ ತೊಡಕಾದೀತೆಂದು ಆ ಮನುಷ್ಯನನ್ನು ಹಿಂದಿನ ಕೋಣೆಗೆ ಸೇರಿಸುವುದುಂಟು. ಕುಷ್ಠಕ್ಕೆ ಇಂದು ಮದ್ದುಂಟು. ತೊನ್ನು ಅಂಟುವುದೇ ಇಲ್ಲ. ಮದ್ದಿಲ್ಲದ ಕಾಲದ ಆ ಸನ್ಯಾಸಿಗಳೇ ರೋಗಿಯನ್ನು ದೇವರ ಎದುರಿಗೆ ಕೂರಿಸಿದರು. ಮದ್ದಿರುವ ನಾವು ಅವನನ್ನು ಊಟದ ಪಂಕ್ತಿಯಲ್ಲಾದರೂ ಕೂರಿಸಬೇಡವೆ?