ಹಲ್ಲಿನ ಬೇರಿಗೆ ಕೆಂಪು ಬೆಳಕು: ‘ಲೇಸರ್ ರೂಟ್ ಕೆನಾಲ್’ ಬೋರ್ಡಿನ ಹಿಂದಿನ ವಿಜ್ಞಾನ ಏನು, ವ್ಯಾಪಾರ ಎಷ್ಟು?

ಹೆಬ್ಬಾಳದಿಂದ ಯಲಹಂಕದವರೆಗೆ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ ನೋಡಿ. ಬೇಕರಿ, ಮೆಡಿಕಲ್ ಸ್ಟೋರು, ಡೆಂಟಲ್ ಕ್ಲಿನಿಕ್ಕು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಈಚೆಗೆ ಕ್ಲಿನಿಕ್ಕುಗಳ ಬೋರ್ಡಿನಲ್ಲಿ ‘ಲೇಸರ್’ ಅನ್ನೋ ಪದ ಸೇರಿಕೊಂಡಿದೆ.

ನನಗೆ ಆ ಪದದ ಪರಿಚಯ ಆಗಿದ್ದು ಅಮ್ಮನ ದವಡೆ ಹಲ್ಲಿನಿಂದ. ಆರು ವರ್ಷದ ಹಿಂದೆ ರೂಟ್ ಕೆನಾಲ್ ಆಗಿದ್ದ ಹಲ್ಲು ಮತ್ತೆ ನೋಯೋಕೆ ಶುರುವಾಯಿತು. ಆರ್.ಟಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಎರಡು ರೇಟು ಹೇಳಿದರು. ಮಾಮೂಲಿಗೆ ಒಂದು, ಲೇಸರ್ ಹಾಕಿದರೆ ಹೆಚ್ಚುಕಮ್ಮಿ ಅದರ ದುಪ್ಪಟ್ಟು. ಲೇಸರ್ ಏನು ಮಾಡುತ್ತೆ ಅಂತ ಕೇಳಿದೆ. “ಬ್ಯಾಕ್ಟೀರಿಯಾ ನೂರಕ್ಕೆ ನೂರು ಸತ್ತು ಹೋಗುತ್ತೆ ಸರ್” ಅಂದರು. ಅಮ್ಮ ಮೆಲ್ಲಗೆ, “ಕೀಳಿಸಿಬಿಡು ಮಗಾ, ಇನ್ನೆಷ್ಟು ವರ್ಷ ಅಗೀಬೇಕು ನಾನು” ಅಂದರು.

ಎಂಜಿನಿಯರಿಂಗ್ ಓದಿದವನಿಗೆ ‘ನೂರಕ್ಕೆ ನೂರು’ ಅಂದ ಕೂಡಲೇ ಅನುಮಾನ ಬರುತ್ತದೆ. ಹಾಗಾಗಿ ಓದಲು ಕೂತೆ.

ಸಮಸ್ಯೆ ಇರೋದು ಎಲ್ಲಿ?

ಹಲ್ಲಿನ ಹುಳುಕು ಒಳಗಿನ ತಿರುಳನ್ನು ಮುಟ್ಟಿದಾಗ ಅಲ್ಲಿ ಸೋಂಕಾಗಿ ತಿರುಳು ಸಾಯುತ್ತದೆ. ಇದಕ್ಕೆಲ್ಲ ಮೂಲ ಬ್ಯಾಕ್ಟೀರಿಯಾ ಅನ್ನೋದು 1965ರಲ್ಲೇ ಒಂದು ಸರಳ ಪ್ರಯೋಗದಿಂದ ಗಟ್ಟಿಯಾಯಿತು. ಅಮೆರಿಕದ ಸಂಶೋಧಕರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಮಾಮೂಲಿ ಇಲಿಗಳಲ್ಲಿ ತಿರುಳು ಕೊಳೆಯಿತು. ರೋಗಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ ಗಾಯ ತಾನಾಗಿ ಮಾಯಿತು.

ರೂಟ್ ಕೆನಾಲ್ ಅಂದರೆ ಸತ್ತ ತಿರುಳನ್ನು ತೆಗೆದು, ಬೇರಿನೊಳಗಿನ ಕಾಲುವೆಯನ್ನು ಸಣ್ಣ ಫೈಲುಗಳಿಂದ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆದು ಮುಚ್ಚುವುದು. ಈ ಹೈಪೋಕ್ಲೋರೈಟ್ ಬೇರೇನೂ ಅಲ್ಲ, ಬಟ್ಟೆಯ ಕಲೆ ತೆಗೆಯುವ ಬ್ಲೀಚಿನ ಹದ ಮಾಡಿದ ರೂಪ.

ಕೇಳೋಕೆ ಸುಲಭ. ಆದರೆ ಬೇರಿನ ಕಾಲುವೆ ನೇರ ಪೈಪಿನಂತಿಲ್ಲ. ಬಾಗುತ್ತದೆ, ಕವಲೊಡೆಯುತ್ತದೆ. ಗೋಡೆಯ ಮೂರನೇ ಒಂದರಷ್ಟು ಭಾಗಕ್ಕೆ ಫೈಲು ತಾಗುವುದೇ ಇಲ್ಲ ಅಂತ ಸ್ಕ್ಯಾನ್ ಮಾಡಿ ನೋಡಿದವರು ಹೇಳಿದ್ದಾರೆ. ಸಾಲದ್ದಕ್ಕೆ ಆ ಗೋಡೆಯೇ ಜರಡಿ ಇದ್ದ ಹಾಗೆ. ಡೆಂಟಿನ್ ಎಂಬ ಪದರದ ಪ್ರತಿ ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಸೂಕ್ಷ್ಮ ನಳಿಕೆಗಳಿವೆ. ಒಂದೊಂದರ ಅಗಲ ಒಂದರಿಂದ ಎರಡೂವರೆ ಮೈಕ್ರೋಮೀಟರ್, ಅಂದರೆ ಬ್ಯಾಕ್ಟೀರಿಯಾ ನುಸುಳುವಷ್ಟು. ಪ್ರಯೋಗಾಲಯದ ಅಳತೆಯಲ್ಲಿ ಹೈಪೋಕ್ಲೋರೈಟ್ ಆ ನಳಿಕೆಗಳೊಳಗೆ ಇಳಿದದ್ದು ಹೆಚ್ಚೆಂದರೆ 300 ಮೈಕ್ರೋಮೀಟರ್. ಬ್ಯಾಕ್ಟೀರಿಯಾ ಅದಕ್ಕಿಂತ ಆಳಕ್ಕೂ ಹೋಗಬಲ್ಲದು.

ವಿಫಲವಾದ ರೂಟ್ ಕೆನಾಲ್‌ಗಳಲ್ಲಿ ಪದೇ ಪದೇ ಸಿಕ್ಕಿಬೀಳುವ ಆಸಾಮಿ ಎಂಟರೋಕಾಕಸ್ ಫೀಕಾಲಿಸ್. ಊಟವಿಲ್ಲದೆ ಬಹಳ ಕಾಲ ಬದುಕುತ್ತದೆ. ಸಂಪಿನ ಗೋಡೆಗೆ ಅಂಟುವ ಲೋಳೆಯಂಥ ಬಯೋಫಿಲ್ಮ್ ಕಟ್ಟಿಕೊಂಡು ಅದರೊಳಗೆ ಅಡಗಿರುತ್ತದೆ.

ಮಾತ್ರೆ ಯಾಕೆ ಸಾಲದು?

ನಮ್ಮಲ್ಲಿ ಹಲ್ಲು ನೋವು ಅಂದ ಕೂಡಲೇ ಮೆಡಿಕಲ್ ಸ್ಟೋರಿಗೆ ಹೋಗಿ ಆ್ಯಂಟಿಬಯಾಟಿಕ್ ಕೇಳುವವರೇ ಹೆಚ್ಚು. ಆದರೆ ಮಾತ್ರೆ ದೇಹದಲ್ಲಿ ಸಾಗುವುದು ರಕ್ತದ ಮೂಲಕ. ಸತ್ತ ತಿರುಳಿಗೆ ರಕ್ತ ಹರಿಯುವುದೇ ಇಲ್ಲ. ರೋಡೇ ಇಲ್ಲದ ಊರಿಗೆ ಪಾರ್ಸೆಲ್ ಕಳಿಸಿದ ಹಾಗಾಯಿತು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ. ಆರೋಗ್ಯವಂತ ವಯಸ್ಕರಿಗೆ ಹಲ್ಲಿನ ಚಿಕಿತ್ಸೆ ತಕ್ಷಣ ಸಿಗುವಂತಿದ್ದರೆ, ಇಂಥ ಬಹುತೇಕ ನೋವುಗಳಿಗೆ ಆ್ಯಂಟಿಬಯಾಟಿಕ್ ಬೇಡ. ಜ್ವರ ಬಂದಿದ್ದರೆ, ಮುಖ ಊದಿಕೊಂಡಿದ್ದರೆ ಕತೆ ಬೇರೆ, ಆಗ ಕಾಯಬೇಡಿ, ಡಾಕ್ಟರ ಹತ್ತಿರ ಓಡಿ.

ಬೇಡದ ಕಡೆ ನುಂಗಿದ ಪ್ರತಿ ಮಾತ್ರೆಯೂ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುತ್ತದೆ. ಬೆಳಕಿನ ಚಿಕಿತ್ಸೆಯ ಬಗ್ಗೆ ವಿಜ್ಞಾನಿಗಳಿಗೆ ಇಷ್ಟೊಂದು ಆಸೆ ಇರುವುದಕ್ಕೆ ಇದೂ ಒಂದು ಕಾರಣ.

ಬಣ್ಣ, ಬೆಳಕು, ಆಮ್ಲಜನಕ

ಐಡಿಯಾ ಹೊಸದೇನಲ್ಲ. ಮ್ಯೂನಿಕ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಆಸ್ಕರ್ ರಾಬ್, ಆಕ್ರಿಡಿನ್ ಎಂಬ ಬಣ್ಣ ಹಾಕಿದ ನೀರಿನಲ್ಲಿ ಪ್ಯಾರಮೀಸಿಯಂಗಳು ಬೆಳಕು ಬಿದ್ದಾಗ ಬೇಗ ಸಾಯುವುದನ್ನು ಗಮನಿಸಿ 1900ರಲ್ಲಿ ಪ್ರಕಟಿಸಿದ. ಹಲ್ಲಿನ ವಿಷಯಕ್ಕೆ ಬಂದರೆ ಹೆಚ್ಚಾಗಿ ಬಳಸುವ ಬಣ್ಣ ಮೆಥಿಲೀನ್ ಬ್ಲೂ, ಅಂದರೆ ಕಾಲೇಜಿನ ಲ್ಯಾಬಿನಲ್ಲಿ ಸ್ಲೈಡಿಗೆ ಹಾಕುತ್ತಿದ್ದ ಅದೇ ನೀಲಿ.

ಕಾಲುವೆಯನ್ನು ಉಜ್ಜಿ ತೊಳೆದ ಮೇಲೆ ಈ ಬಣ್ಣವನ್ನು ತುಂಬಿ ಕೆಲವು ನಿಮಿಷ ಬಿಡುತ್ತಾರೆ. ಅದು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೂದಲಿನಂಥ ಆಪ್ಟಿಕ್ ಫೈಬರ್ ಇಳಿಸಿ, ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು ಬಿಡುತ್ತಾರೆ. ಬಣ್ಣದ ಅಣು ಬೆಳಕಿನ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆ ಆಮ್ಲಜನಕ ಕೆರಳಿ ‘ಸಿಂಗ್ಲೆಟ್ ಆಕ್ಸಿಜನ್’ ಆಗುತ್ತದೆ. ನೀರಿನಲ್ಲಿ ಅದರ ಆಯಸ್ಸು ಸೆಕೆಂಡಿನ ಲಕ್ಷದ ಒಂದು ಭಾಗದಷ್ಟೂ ಇಲ್ಲ. ಆದರೆ ಅಷ್ಟರಲ್ಲೇ ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿಎನ್ಎ ಎಲ್ಲಕ್ಕೂ ಏಟು ಕೊಡುತ್ತದೆ. ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಒಂದು ಬೀಗವನ್ನು ಮುರಿಯುತ್ತದೆ, ಬ್ಯಾಕ್ಟೀರಿಯಾ ಬೀಗ ಬದಲಾಯಿಸಿಕೊಂಡು ಬಚಾವಾಗುತ್ತದೆ. ಇಲ್ಲಿ ಮನೆಗೆ ಮನೆಯೇ ಬೀಳುವುದರಿಂದ ಪ್ರತಿರೋಧ ಬೆಳೆಸಿಕೊಳ್ಳುವುದು ಕಷ್ಟ.

ಹಾಗಾದರೆ ನೂರಕ್ಕೆ ನೂರಾ?

ಅಲ್ಲ. ಬ್ರೆಜಿಲ್‌ನಲ್ಲಿ 20 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಮೊದಲ ಭೇಟಿಯಲ್ಲಿ ಮಾಮೂಲಿ ಸ್ವಚ್ಛತೆಯ ನಂತರ ಸರಾಸರಿ ಸಾವಿರಕ್ಕೆ ಸುಮಾರು 80 ಬ್ಯಾಕ್ಟೀರಿಯಾ ಉಳಿದಿದ್ದವು. ಬೆಳಕನ್ನೂ ಸೇರಿಸಿದಾಗ ಉಳಿದದ್ದು ಸುಮಾರು 15. ಒಳ್ಳೆಯ ಫಲಿತಾಂಶವೇ. ಆದರೆ ಎರಡು ಮಾತು ನೆನಪಿಡಿ. ಸಾವಿರದಲ್ಲಿ 900ಕ್ಕೂ ಹೆಚ್ಚನ್ನು ಕೊಂದದ್ದು ಫೈಲು ಮತ್ತು ತೊಳೆಯುವ ದ್ರಾವಣ. ಬೆಳಕು ಬಂದದ್ದು ಅದರ ನಂತರ. ಎರಡನೆಯದು, ಬ್ಯಾಕ್ಟೀರಿಯಾ ಕಡಿಮೆಯಾದರೆ ಹಲ್ಲು ಹೆಚ್ಚು ವರ್ಷ ಬಾಳುತ್ತದೆ ಎನ್ನಲು ದೊಡ್ಡ, ದೀರ್ಘಕಾಲದ ಅಧ್ಯಯನಗಳು ಬೇಕು. ಅವು ಇನ್ನೂ ಸಾಲದು. ಯಾವ ಬಣ್ಣ, ಎಷ್ಟು ಹೊತ್ತು, ಎಷ್ಟು ಬೆಳಕು ಅನ್ನೋದೂ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆ.

ಮಿತಿಗಳೂ ಇವೆ. ಬಾಗಿದ ಬೇರಿನ ತುದಿಗೆ ಬೆಳಕು ಸರಿಯಾಗಿ ತಲುಪದು. ಅಲ್ಲಿ ಆಮ್ಲಜನಕವೂ ಕಮ್ಮಿ. ಬಣ್ಣವನ್ನು ಚೆನ್ನಾಗಿ ತೊಳೆಯದಿದ್ದರೆ ಹಲ್ಲು ನೀಲಿಯಾಗುತ್ತದೆ.

ಇನ್ನೊಂದು ಗೊಂದಲವಿದೆ. ಬೋರ್ಡಿನ ಮೇಲಿನ ‘ಲೇಸರ್’ ಎಲ್ಲವೂ ಈ ಚಿಕಿತ್ಸೆಯಲ್ಲ. ಕೆಲವು ಲೇಸರುಗಳು ಬಿಸಿಯಿಂದ ಕೊಲ್ಲುತ್ತವೆ, ಕೆಲವು ತೊಳೆಯುವ ದ್ರಾವಣವನ್ನು ಕುಲುಕುತ್ತವೆ. ಬಣ್ಣವೇ ಹಾಕದಿದ್ದರೆ ಅದು ಬೇರೆಯೇ ವಿಧಾನ.

ನಮ್ಮ ಯಶವಂತಪುರದ ಪಕ್ಕದಲ್ಲೇ

ಆ ನಳಿಕೆಗಳ ಆಳವನ್ನು ಮುಟ್ಟುವ ಇನ್ನೊಂದು ಪ್ರಯತ್ನ ನಡೆದಿರುವುದು ನಮ್ಮ ಐಐಎಸ್‌ಸಿಯಲ್ಲೇ. ಪ್ರೊ. ಅಂಬರೀಶ್ ಘೋಷ್ ಅವರ ತಂಡ ಮತ್ತು ಅಲ್ಲಿಂದಲೇ ಹುಟ್ಟಿದ ಸ್ಟಾರ್ಟಪ್ ಥೆರನಾಟಿಲಸ್, ಸಿಲಿಕಾನ್ ಡೈಆಕ್ಸೈಡಿಗೆ ಕಬ್ಬಿಣ ಲೇಪಿಸಿದ ಸ್ಕ್ರೂ ಆಕಾರದ ನ್ಯಾನೋರೋಬಾಟುಗಳನ್ನು ಮಾಡಿ, ಕಾಂತಕ್ಷೇತ್ರದಿಂದ ಓಡಿಸಿ 2,000 ಮೈಕ್ರೋಮೀಟರಿನಷ್ಟು ಆಳಕ್ಕೆ ಇಳಿಸಿದ್ದನ್ನು 2022ರಲ್ಲಿ ಪ್ರಕಟಿಸಿತು. ಕ್ಷೇತ್ರದ ಆವರ್ತನ ಬದಲಿಸಿದರೆ ಅವು ಬಿಸಿಯಾಗಿ ಸುತ್ತಲಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಪ್ರಯೋಗ ನಡೆದದ್ದು ಕಿತ್ತ ಹಲ್ಲುಗಳಲ್ಲಿ. ಹೆಮ್ಮೆಯ ಕೆಲಸ, ನಿಜ. ಆದರೆ ಲ್ಯಾಬಿನ ಹಲ್ಲಿಗೂ ಅಮ್ಮನ ಹಲ್ಲಿಗೂ ನಡುವೆ ಇರುವ ದೂರ ದೊಡ್ಡದು.

ಕಡಲೆ ಯಾರಿಗೆ, ಹಲ್ಲು ಯಾರಿಗೆ?

ಆ ದೂರದಲ್ಲಿ ದುಡ್ಡಿನದೂ ಒಂದು ಪಾಲಿದೆ. ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ರೂಟ್ ಕೆನಾಲ್ ಖರ್ಚು ಕೊಡುವುದಿಲ್ಲ. ಸಿದ್ದರಾಮಯ್ಯ ಅವರ ಮೊದಲ ಸರ್ಕಾರ ‘ದಂತ ಭಾಗ್ಯ’ ತಂದು, ಹಲ್ಲು ಕಳೆದುಕೊಂಡ ಬಿಪಿಎಲ್ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಟ್ಟಿತು. ಬೇಕಾದ ಯೋಜನೆಯೇ. ಆದರೆ ಅದು ಶುರುವಾಗುವುದು ಹಲ್ಲು ಹೋದ ಮೇಲೆ. ಇರುವ ಹಲ್ಲು ಉಳಿಸಿಕೊಳ್ಳುವ ಖರ್ಚಿಗೆ ಅಂಥ ಭಾಗ್ಯವಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋ ಗಾದೆಯನ್ನು ಸರ್ಕಾರವೇ ಪಾಲಿಸಿದಂತಿದೆ. “ಕೀಳಿಸಿಬಿಡು” ಅಂದ ಅಮ್ಮನ ಮಾತು ಹಲ್ಲಿನ ಬಗ್ಗೆ ಆಗಿರಲಿಲ್ಲ, ರೇಟಿನ ಬಗ್ಗೆ ಆಗಿತ್ತು.

ಉತ್ತರ ಬೆಂಗಳೂರಿನವರಿಗೆ ಒಂದು ದಾರಿ ಇದೆ: ದಂತ ವೈದ್ಯಕೀಯ ಕಾಲೇಜುಗಳು. ಮತ್ತಿಕೆರೆ ಪಕ್ಕದಲ್ಲಿ ರಾಮಯ್ಯ, ಯಲಹಂಕದ ಆಚೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ, ಕೋಟೆ ಹತ್ತಿರ ಸರ್ಕಾರಿ ದಂತ ಕಾಲೇಜು. ಇಂಥ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ದುಡ್ಡು ಸಾಮಾನ್ಯವಾಗಿ ಕಮ್ಮಿ.

ಅಮ್ಮನನ್ನು ಅಂಥದ್ದೊಂದು ಕಾಲೇಜಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿದ ವೈದ್ಯೆ ಎರಡೇ ನಿಮಿಷದಲ್ಲಿ ಕಾರಣ ತೋರಿಸಿದರು. ಆ ಹಲ್ಲಿನಲ್ಲಿ ನಾಲ್ಕು ಕಾಲುವೆ ಇದ್ದವು, ಮೊದಲ ಸಲ ಮೂರನ್ನೇ ತೆರೆದಿದ್ದರು. ಯಾರೂ ಬಾಗಿಲೇ ತೆಗೆಯದ ಕೋಣೆಗೆ ಯಾವ ಬೆಳಕು ಹೋಗುತ್ತೆ ಹೇಳಿ?

ಹಾಗಾಗಿ ನಿಮಗೂ ಲೇಸರ್ ರೇಟು ಹೇಳಿದರೆ ಬೇಡ ಅನ್ನಬೇಕಿಲ್ಲ, ನಾಲ್ಕು ಪ್ರಶ್ನೆ ಕೇಳಿ. ಎಲ್ಲ ಕಾಲುವೆಗಳೂ ಸಿಕ್ಕಿವೆಯಾ? ಎಂಜಲು ಒಳಗೆ ಹೋಗದಂತೆ ರಬ್ಬರ್ ಡ್ಯಾಮ್ ಹಾಕುತ್ತೀರಾ? ಮುಗಿದ ಮೇಲೆ ಸೋರದಂತೆ ಮುಚ್ಚಿ ಕ್ಯಾಪ್ ಹಾಕುವುದು ಯಾವಾಗ? ನೀವು ಹಾಕುವ ಲೇಸರ್ ಯಾವುದು, ಅದರ ಜೊತೆ ಬಣ್ಣ ಬಳಸುತ್ತೀರಾ? ಮೊದಲ ಮೂರಕ್ಕೆ ಸರಿಯಾದ ಉತ್ತರ ಬಂದರೆ ಮಾತ್ರ ನಾಲ್ಕನೆಯದಕ್ಕೆ ಅರ್ಥ.

ಅಮ್ಮನ ಹಲ್ಲು ಮೂರು ಭೇಟಿಯಲ್ಲಿ, ಲೇಸರ್ ಇಲ್ಲದೆ ಸರಿಹೋಯಿತು. ಮೊನ್ನೆ ಹಬ್ಬಕ್ಕೆ ಕೋಡುಬಳೆ ಮಾಡಿದ್ದರು. ಮೊದಲು ಕಡಿದು ನೋಡಿದ್ದು ಅವರೇ.