ರೆನೆ ಲಾಲೀಕ್

ರೆನೆ ಜೂಲ್ ಲಾಲೀಕ್ (ಏಪ್ರಿಲ್ 6, 1860 – ಮೇ 1945) ಫ್ರಾನ್ಸ್ ದೇಶದ ಆಭರಣ ವಿನ್ಯಾಸಕಾರರು ಮತ್ತು ಗಾಜಿನ ಕಲಾವಿದರು. 'ಆರ್ ನೂವೋ' ಕಲಾಪಂಥದ ಪ್ರಮುಖರಲ್ಲಿ ಒಬ್ಬರಾದ ಇವರು ಹೂವು, ಎಲೆ, ಕೀಟ ಹಾಗೂ ಹಾವುಗಳ ಆಕೃತಿಗಳನ್ನು ಒಡವೆಗಳಲ್ಲಿ ಮೂಡಿಸಿದರು. ಒಡವೆಯ ಬೆಲೆಯನ್ನು ಅದರಲ್ಲಿನ ವಜ್ರಗಳಿಂದಲೇ ಅಳೆಯುತ್ತಿದ್ದ ಕಾಲದಲ್ಲಿ ಕೊಂಬು, ದಂತ, ಗಾಜುಗಳನ್ನು ಚಿನ್ನದ ಜೊತೆಗೆ ಬಳಸಿ, ಆಭರಣದ ಮೌಲ್ಯವು ಕಲ್ಪನೆ ಮತ್ತು ಕೈಕೆಲಸದಲ್ಲಿದೆ ಎಂಬುದನ್ನು ತೋರಿಸಿಕೊಟ್ಟರು.

ಬಾಲ್ಯ ಮತ್ತು ತರಬೇತಿ

ಲಾಲೀಕ್ ಜನಿಸಿದ್ದು ಶಾಂಪೇನ್ ಪ್ರಾಂತ್ಯದ ಅಯಿ ಎಂಬ ಊರಿನಲ್ಲಿ. ಕುಟುಂಬವು ಪ್ಯಾರಿಸ್ಸಿಗೆ ಬಂದು ನೆಲೆಸಿದ ಮೇಲೂ ರಜಾದಿನಗಳನ್ನು ಅಲ್ಲಿಯೇ ಕಳೆಯುತ್ತಿದ್ದರು. 1876ರಲ್ಲಿ ತಂದೆ ತೀರಿಕೊಂಡಾಗ, ಹದಿನಾರರ ಹರೆಯದ ಇವರು ಲೂಯಿ ಓಕಾಕ್ ಎಂಬ ಅಕ್ಕಸಾಲಿಗರ ಬಳಿ ಕೆಲಸ ಕಲಿಯಲು ಸೇರಿದರು. ಮುಂದೆ ಎರಡು ವರ್ಷ ಇಂಗ್ಲೆಂಡಿನಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಹಿಂದಿರುಗಿ ಕಾರ್ಟಿಯೆ, ಬೂಶೆರಾನ್ ಮುಂತಾದ ಆಭರಣ ಸಂಸ್ಥೆಗಳಿಗೆ ವಿನ್ಯಾಸಗಳನ್ನು ರಚಿಸಿಕೊಟ್ಟರು. 1880ರ ದಶಕದ ಮಧ್ಯಭಾಗದಲ್ಲಿ ಜೂಲ್ ದೆಸ್ತಾಪ್ ಅವರ ಕಾರ್ಯಾಗಾರವನ್ನು ವಹಿಸಿಕೊಂಡರು.

ಆಭರಣಗಳು

ಜೇನುನೊಣ, ಜೀರುಂಡೆ, ಕಣಜಗಳಂತಹ, ಒಡವೆಯಾಗಿ ಧರಿಸಲು ಹಲವರು ಹಿಂಜರಿಯುವ ಜೀವಿಗಳೂ ಇವರ ಕೃತಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ದನದ ಕೊಂಬು ಅಗ್ಗದ ವಸ್ತುವಾದರೂ ಹಗುರ. ತೆಳ್ಳಗೆ ಕೆತ್ತಿದರೆ ಬೆಳಕು ಅದರೊಳಗೆ ಹಾಯುತ್ತದೆ. ಬಾಚಣಿಗೆ ಮತ್ತು ಮುಡಿಯ ಆಭರಣಗಳಿಗೆ ಲಾಲೀಕ್ ಇದನ್ನು ಧಾರಾಳವಾಗಿ ಬಳಸಿದರು. ಕೀಟಗಳ ರೆಕ್ಕೆಗಳಿಗೆ ಅವರು ಆರಿಸಿಕೊಂಡದ್ದು ಒಂದು ವಿಶೇಷ ಬಗೆಯ ಎನಾಮೆಲ್ ಕೆಲಸ. ಚಿನ್ನದ ತಂತಿಯ ಚೌಕಟ್ಟಿನ ಕಂಡಿಗಳಲ್ಲಿ ಬಣ್ಣದ ಎನಾಮೆಲ್ ತುಂಬಲಾಗುತ್ತದೆ. ಹಿಂಬದಿಯಲ್ಲಿ ಲೋಹದ ತಗಡು ಇರುವುದಿಲ್ಲ. ಆದ್ದರಿಂದ ರೆಕ್ಕೆಯು ಚರ್ಚಿನ ಬಣ್ಣದ ಗಾಜಿನ ಕಿಟಕಿಯಂತೆ ಬೆಳಕನ್ನು ಒಳಬಿಡುತ್ತದೆ.

ಇವರ ಅತ್ಯಂತ ಪ್ರಸಿದ್ಧ ಕೃತಿ, ಸುಮಾರು 1897–98ರಲ್ಲಿ ರಚಿತವಾದ ಡ್ರ್ಯಾಗನ್‌ಫ್ಲೈ (ಏರೋಪ್ಲೇನ್ ಚಿಟ್ಟೆ) ಆಕಾರದ ಎದೆಯ ಆಭರಣ. ಕೀಟದ ಬಾಯಿಯಿಂದ ಹಸಿರು ಕಲ್ಲಿನಲ್ಲಿ ಕೆತ್ತಿದ ಸ್ತ್ರೀಯೊಬ್ಬಳ ಮೈ ಹೊರಬರುತ್ತಿದೆ. ಅವಳು ಹುಟ್ಟುತ್ತಿದ್ದಾಳೋ, ಕೀಟದ ಆಹಾರವಾಗುತ್ತಿದ್ದಾಳೋ ಎಂದು ನಿರ್ಧರಿಸುವುದು ಕಷ್ಟ. ಸುಮಾರು 26 ಸೆಂಟಿಮೀಟರ್ ಅಗಲದ ಈ ಒಡವೆಯ ರೆಕ್ಕೆಗಳಿಗೆ ಕೀಲುಗಳಿವೆ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಲಾಲೀಕ್ ಅವರ ಒಡವೆಗಳಿಗೆ ಅಪಾರ ಮನ್ನಣೆ ದೊರೆಯಿತು. ನಟಿ ಸಾರಾ ಬರ್ನಾರ್ ಇವರ ಗ್ರಾಹಕರಾಗಿದ್ದರು. ಎಣ್ಣೆ ಉದ್ಯಮಿ ಕಲೂಸ್ತ್ ಗುಲ್ಬೆಂಕಿಯನ್ ನೂರಕ್ಕೂ ಹೆಚ್ಚು ಕೃತಿಗಳನ್ನು ಸಂಗ್ರಹಿಸಿದರು.

ಗಾಜಿನತ್ತ

ಯಶಸ್ಸಿನ ಬೆನ್ನಲ್ಲೇ ಅನುಕರಣೆಗಳು ಮಾರುಕಟ್ಟೆಯನ್ನು ತುಂಬಿದವು. ಆರ್ ನೂವೋ ಶೈಲಿಯ ಆಕರ್ಷಣೆಯೂ ಕುಗ್ಗುತ್ತಾ ಬಂತು. ಒಡವೆಗಳಲ್ಲಿ ಬಿಡಿಭಾಗವಾಗಿ ಬಳಸುತ್ತಿದ್ದ ಗಾಜೇ ಕ್ರಮೇಣ ಲಾಲೀಕ್ ಅವರ ಮುಖ್ಯ ಮಾಧ್ಯಮವಾಯಿತು. ಸುಗಂಧದ್ರವ್ಯ ತಯಾರಕ ಫ್ರಾನ್ಸ್ವಾ ಕೋಟಿ ಅವರಿಗಾಗಿ ಸೀಸೆಗಳನ್ನು ವಿನ್ಯಾಸಗೊಳಿಸಿದರು. 1912ರ ಪ್ರದರ್ಶನದಲ್ಲಿ ಗಾಜಿನ ಕೃತಿಗಳನ್ನು ಮಾತ್ರ ಇರಿಸಿದ್ದರು. ಒಬ್ಬ ಶ್ರೀಮಂತರಿಗಾಗಿ ಒಂದೇ ಒಡವೆ ಮಾಡುತ್ತಿದ್ದ ಕುಶಲಕರ್ಮಿ ಈಗ ಅಚ್ಚಿನಲ್ಲಿ ಸಾವಿರಾರು ವಸ್ತುಗಳನ್ನು ತಯಾರಿಸತೊಡಗಿದರು. 1920ರ ದಶಕದ ಆರಂಭದಲ್ಲಿ ಅಲ್ಸಾಸ್ ಪ್ರಾಂತ್ಯದ ವಿಂಗೆನ್-ಸುರ್-ಮೋದೆರ್‌ನಲ್ಲಿ ಕಾರ್ಖಾನೆ ತೆರೆದರು. 'ನಾರ್ಮಂಡಿ' ಹಡಗಿನ ಭೋಜನಶಾಲೆಯ ಗಾಜಿನ ದೀಪಗಳು ಇವರವೇ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಈ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. ಅದು ಮತ್ತೆ ಉತ್ಪಾದನೆ ಆರಂಭಿಸುವುದನ್ನು ಲಾಲೀಕ್ ಕಾಣಲಿಲ್ಲ. ಯುದ್ಧಾನಂತರ ಮಗ ಮಾರ್ಕ್ ಅದನ್ನು ಮುನ್ನಡೆಸಿದರು. ಡ್ರ್ಯಾಗನ್‌ಫ್ಲೈ ಆಭರಣವು ಈಗ ಲಿಸ್ಬನ್ನಿನ ಗುಲ್ಬೆಂಕಿಯನ್ ಸಂಗ್ರಹಾಲಯದಲ್ಲಿದೆ.