ಮಸೀದಿಯ ಚಾಪೆ ಹಾಸುವ ಹುಡುಗ ಕಾಲೇಜು ಮೆಟ್ಟಿಲು ಹತ್ತಬೇಕಾದರೆ



ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ನಾವು ಜನಸೇವೆಯ ಬಗ್ಗೆ ಮಾತನಾಡಿದ್ದೆವು. ನಮಾಝ್ ಮುಗಿದು ಜನ ಚದುರಿದ ಮೇಲೆ ಆಟೋ ಓಡಿಸುವ ಒಬ್ಬ ತಂದೆ ನಮ್ಮ ಬಳಿ ಬಂದು ನಿಂತರು. "ಹಜರತ್, ನೀವು ಸೇವೆ ಮಾಡಿ ಅಂತೀರಿ. ನನ್ನ ಮಗ ಸಂಜೆ ಆದ್ರೆ ಮಸೀದಿ ಕೆಲಸ, ರಕ್ತದಾನ ಶಿಬಿರ ಅಂತ ಓಡಾಡ್ತಾನೆ. ನಮ್ಮ ಮನೇಲಿ ಕಾಲೇಜಿಗೆ ಹೋದವರು ಯಾರೂ ಇಲ್ಲ. ಇವನೊಬ್ಬನಾದ್ರೂ ಓದ್ಲಿ ಅನ್ನೋ ಆಸೆ. ಸೇವೆ ಮಾಡಿದ್ರೆ ಸೀಟು ಸಿಗತ್ತಾ?" ಎಂದು ಕೇಳಿದರು.

ಅಂದು ಎರಡು ಮಾತಿನಲ್ಲಿ ಸಮಾಧಾನ ಹೇಳಿ ಕಳಿಸಿದೆವು. ಆದರೆ ಅವರ ಪ್ರಶ್ನೆ ದೊಡ್ಡದು. ಅದಕ್ಕೆ ಸಿಗಬೇಕಾದ ಪೂರ್ತಿ ಉತ್ತರ ಈ ಲೇಖನ.

ಮನೆಯಲ್ಲಿ ಸಿಗದ ಪಾಠ

ಓದಿದವರ ಮನೆಯಲ್ಲಿ ಹುಟ್ಟಿದ ಮಗುವಿಗೆ ಕೆಲವು ಪಾಠಗಳು ಯಾರೂ ಹೇಳಿಕೊಡದೆಯೇ ಸಿಗುತ್ತವೆ. ಅರ್ಜಿ ತುಂಬುವುದು ಹೇಗೆ, ಕಚೇರಿಯ ಕಿಟಕಿಯ ಮುಂದೆ ನಿಂತು ಏನು ಕೇಳಬೇಕು, ಗುಮಾಸ್ತರು "ನಾಳೆ ಬಾ" ಎಂದರೆ ಏನು ಹೇಳಬೇಕು, ಯಾವ ಕೋರ್ಸ್ ಓದಿದರೆ ಮುಂದೆ ಏನಾಗಬಹುದು ಎಂಬುದೆಲ್ಲ ಊಟದ ಹೊತ್ತಿನ ಮಾತಿನಲ್ಲೇ ಕಿವಿಗೆ ಬೀಳುತ್ತದೆ. ತಿಳಿಯದಿದ್ದರೆ ಕೇಳಲು ಚಿಕ್ಕಪ್ಪನೋ ಅತ್ತೆಯೋ ಇರುತ್ತಾರೆ.

ಮನೆಯಿಂದ ಮೊದಲ ಸಲ ಕಾಲೇಜಿಗೆ ಹೊರಟ ಮಗುವಿಗೆ ಬುದ್ಧಿ ಕಡಿಮೆ ಇರುವುದಿಲ್ಲ. ಅದಕ್ಕೆ ಇಲ್ಲದಿರುವುದು ಈ ಬಳಕೆ. ಅಪರಿಚಿತರ ಮುಂದೆ ಬಾಯಿ ಬಿಡಲು ಅದು ಹೆದರುತ್ತದೆ. ಕೊನೆಯ ದಿನಾಂಕ ಕಳೆದ ಮೇಲೆ ಅದಕ್ಕೆ ವಿಷಯ ತಿಳಿಯುತ್ತದೆ. ಸೇವೆಯ ಕೆಲಸ ಈ ಕೊರತೆಯನ್ನು ಎಷ್ಟೋ ಮಟ್ಟಿಗೆ ತುಂಬಬಲ್ಲದು ಎಂಬುದು ನಮ್ಮ ಅನುಭವ. ಆದರೆ ಅದು ಎಂಥ ಸೇವೆ, ಎಷ್ಟು ಸೇವೆ ಎಂಬುದನ್ನು ಹಿರಿಯರಾದ ನಾವು ತಿಳಿದಿರಬೇಕು.

ಬಸವನಗುಡಿಯ ಒಂದು ಉದಾಹರಣೆ

ನಮ್ಮ ಚಾಮರಾಜಪೇಟೆಯಿಂದ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ನಡೆದೇ ಹೋಗಬಹುದು. ಮೆಟ್ರೋ ನಿಲ್ದಾಣಕ್ಕೂ ಈಗ ಅದೇ ಹೆಸರು. ಆ ಕಾಲೇಜಿನೊಂದಿಗೆ ಬೆರೆತುಹೋದ ಹೆಸರು ಡಾ. ಎಚ್. ನರಸಿಂಹಯ್ಯ ಅವರದು. ನಂಬಿಕೆಯ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಆದರೆ ಬಡ ಮನೆಯ ಒಂದು ಮಗು ಈ ನಗರದಲ್ಲಿ ಓದಿ ಹೇಗೆ ಮೇಲೆ ಬಂತು ಎಂಬುದನ್ನು ಅವರ ಜೀವನದಿಂದ ಕಲಿಯಲು ಅದು ಅಡ್ಡಿಯಲ್ಲ.

1920ರಲ್ಲಿ ಗೌರಿಬಿದನೂರು ಬಳಿಯ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು, ಹೈಸ್ಕೂಲು ಓದಲೆಂದು ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದರು. 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳುವ ಹೊಣೆ ಇದೇ ವಿದ್ಯಾರ್ಥಿಗೆ ಬಂತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಹಳ್ಳಿಯಿಂದ ಬಂದು ಹೆಚ್ಚು ಕಾಲವಾಗಿರದ ಹುಡುಗ. ದೇಶವೇ ಗೌರವಿಸುವ ಅತಿಥಿ. ಆ ದಿನ ಕುರ್ಚಿ ಜೋಡಿಸುವ ಕೆಲಸವನ್ನಷ್ಟೇ ಅವನಿಗೆ ಕೊಡಬಹುದಿತ್ತು. ಹಾಗೆ ಮಾಡದೆ ಅವನನ್ನು ಸಭೆಯ ಮುಂದೆ ನಿಲ್ಲಿಸಿದರು. ಒಂದು ಸಲ ಹಾಗೆ ನಿಂತ ಹುಡುಗ ಮುಂದೆ ಯಾವ ಕಚೇರಿಯ ಬಾಗಿಲಿಗೂ ಹೆದರುವುದಿಲ್ಲ.

ಅವರ ದಾರಿ ನೇರವಾಗಿಯೇನೂ ಇರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ, 1942ರಲ್ಲಿ, ಓದು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಸೇರಿದರು. ಆದರೆ ಹೊರಬಂದ ಮೇಲೆ ಓದಿಗೆ ಮರಳಿ ಅದನ್ನು ಮುಗಿಸಿದರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸಕರಾದರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಇಷ್ಟಾದರೂ ವಾಸ ಮಾತ್ರ ಕಾಲೇಜಿನ ಹಾಸ್ಟೆಲ್ ಕೊಠಡಿಯಲ್ಲಿ, ವಿದ್ಯಾರ್ಥಿಗಳ ನಡುವೆ. ತಮ್ಮ ಊರಿನ ಕಡೆಯ ಮಕ್ಕಳಿಗಾಗಿ ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಕಾಲೇಜು ನಡೆಯುವಂತೆ ಮಾಡಿದರು. ಸೇವೆಯಿಂದ ಬೆಳೆದವರು ಬೆಳೆದ ಮೇಲೂ ಸೇವೆಯನ್ನು ಬಿಡಲಿಲ್ಲ.

ಬದ್ರ್‌ನಿಂದ ಹಿಂದಿರುಗಿದ ಬಾಲಕ

ನಮ್ಮ ಚರಿತ್ರೆಯಲ್ಲೂ ಇಂಥದ್ದೇ ಒಂದು ಪ್ರಸಂಗವಿದೆ. ಮದೀನಾದ ಝೈದ್ ಬಿನ್ ಸಾಬಿತ್(ರ) ತಂದೆಯಿಲ್ಲದ ಬಾಲಕ. ಬದ್ರ್‌ಗೆ ಹೊರಟವರ ಜೊತೆ ತಾವೂ ಬರುತ್ತೇವೆಂದು ನಿಂತಾಗ, ವಯಸ್ಸು ಸಾಲದೆಂದು ಪ್ರವಾದಿವರ್ಯರು(ಸ) ಅವರನ್ನು ಹಿಂದೆ ಕಳಿಸಿದರು. ಆದರೆ ಹಿಂದೆ ಕಳಿಸಿ ಮರೆತುಬಿಡಲಿಲ್ಲ. ಬಾಲಕನಿಗೆ ಓದುಬರಹದಲ್ಲಿರುವ ಚುರುಕನ್ನು ಕಂಡು, ಯಹೂದಿಯರ ಲಿಪಿಯನ್ನು ಕಲಿಯುವಂತೆ ಹೇಳಿದರು. ಝೈದ್(ರ) ಕೆಲವೇ ದಿನಗಳಲ್ಲಿ ಅದನ್ನು ಕಲಿತು ಪ್ರವಾದಿವರ್ಯರ(ಸ) ಪತ್ರಗಳನ್ನು ಓದಿ ಬರೆಯತೊಡಗಿದರು. ವಹ್ಯ್ ಬರೆಯುವವರಲ್ಲಿ ಒಬ್ಬರಾದರು. ಮುಂದೆ ಅಬೂಬಕರ್(ರ) ಅವರ ಕಾಲದಲ್ಲಿ ಪವಿತ್ರ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಭಾರ ಅವರ ಹೆಗಲಿಗೇ ಬಂತು.

ಮಗುವಿನ ಉತ್ಸಾಹವನ್ನು ಸಿಕ್ಕ ಕೆಲಸಕ್ಕೆಲ್ಲ ಬಳಸದೆ, ಅದರ ಸಾಮರ್ಥ್ಯಕ್ಕೆ ತಕ್ಕ ಕೆಲಸ ಕೊಟ್ಟು ಆ ಕೆಲಸದಲ್ಲೇ ವಿದ್ಯೆ ಕಲಿಸುವುದು ನಾಯಕರ ಲಕ್ಷಣ. ನಾವು ಮರೆತಿರುವುದು ಇದನ್ನೇ.

ಸೇವೆಗೆ ಅಂಕ ಉಂಟೇ?

ಈಗ ಆ ತಂದೆಯ ಪ್ರಶ್ನೆಗೆ ನೇರವಾಗಿ ಬರೋಣ. ನಮ್ಮ ರಾಜ್ಯದಲ್ಲಿ ಕಾಲೇಜು ಪ್ರವೇಶ ಹೆಚ್ಚಾಗಿ ನಿಂತಿರುವುದು ಪಿಯು ಅಂಕ ಮತ್ತು ಸಿಇಟಿಯಂಥ ಪರೀಕ್ಷೆಗಳ ಮೇಲೆ. ಸೇವೆ ಅಂಕದ ಜಾಗವನ್ನು ತುಂಬುವುದಿಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಆಸೆ ತೋರಿಸಬಾರದು.

ಆದರೆ ಲೆಕ್ಕಕ್ಕೆ ಬರುವ ಸೇವೆಯೂ ಇದೆ. ಸಿಇಟಿ ಸೀಟು ಹಂಚಿಕೆಯಲ್ಲಿ ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್, ಕ್ರೀಡೆ ಇವುಗಳಿಗೆ ವಿಶೇಷ ವರ್ಗಗಳಿವೆ. ಸೀಟು ಕಡಿಮೆ, ನಿಯಮ ಬಿಗಿ. ಯಾವ ಮಟ್ಟದ ಪ್ರಮಾಣಪತ್ರ ಬೇಕೆಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಬೇಕು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, 18ನೇ ಅಡ್ಡರಸ್ತೆಯ ಬಳಿ ಇರುವ ಪರೀಕ್ಷಾ ಪ್ರಾಧಿಕಾರದ ಕಚೇರಿ ನಮಗೇನೂ ದೂರವಲ್ಲ.

ಕಾಲೇಜು ಸೇರಿದ ಮೇಲೆ ಎನ್ಎಸ್ಎಸ್ ಇದೆ. ಗಾಂಧೀಜಿಯವರ ಜನ್ಮಶತಮಾನದ ವರ್ಷವಾದ 1969ರಲ್ಲಿ ಶುರುವಾದ ಯೋಜನೆ ಇದು. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮತ್ತು ಏಳು ದಿನದ ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಎನ್‌ಸಿಸಿಯಲ್ಲಿ ಶಾಲೆಯ ಹಂತದಲ್ಲಿ 'ಎ', ಕಾಲೇಜಿನ ಹಂತದಲ್ಲಿ 'ಬಿ' ಮತ್ತು 'ಸಿ' ಪ್ರಮಾಣಪತ್ರಗಳಿವೆ. ಎರಡೂ ಹೆಣ್ಣುಮಕ್ಕಳಿಗೂ ತೆರೆದಿವೆ. ಇನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕೆಲವು ಕಡೆ ಲಿಖಿತ ಪರೀಕ್ಷೆಯ ಜೊತೆಗೆ ಸಂದರ್ಶನವೂ ಇರುತ್ತದೆ. ಸಂದರ್ಶನದಲ್ಲಿ ತಾನು ಮಾಡಿದ ಕೆಲಸವನ್ನು ತನ್ನ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಹೇಳಲು ಏನಾದರೂ ಇರುತ್ತದೆ.

ನಮ್ಮಿಂದಾದ ತಪ್ಪು

ಇದನ್ನು ಬರೆಯದೆ ಮುಂದೆ ಹೋದರೆ ಲೇಖನ ಪ್ರಾಮಾಣಿಕವಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮಸೀದಿಯಲ್ಲಿ ಒಬ್ಬ ಹುಡುಗನಿದ್ದ. ತಂದೆಗೆ ಗುಜರಿ ಅಂಗಡಿಯಲ್ಲಿ ಕೆಲಸ, ತಾಯಿ ಮನೆಯಲ್ಲೇ ಅಗರಬತ್ತಿ ಹೊಸೆಯುತ್ತಿದ್ದರು. ಹುಡುಗ ಚುರುಕು, ಕೈ ಶುದ್ಧ, ಮಾತು ಮೃದು. ರಮಝಾನಿನ ಇಫ್ತಾರ್, ರೇಷನ್ ಕಿಟ್‌ಗಳ ಪಟ್ಟಿ, ವಿಕ್ಟೋರಿಯಾ ಆಸ್ಪತ್ರೆಯಲ್ಲಿರುವ ರೋಗಿಗೆ ರಕ್ತ ಬೇಕೆಂಬ ಫೋನು, ಎಲ್ಲವೂ ಅವನ ಹೆಗಲಿಗೆ. ಕೆಲಸ ಮಾಡುವವನಿಗೇ ಕೆಲಸ ಹೇಳುವುದು ನಮ್ಮೆಲ್ಲರ ಅಭ್ಯಾಸ. ದ್ವಿತೀಯ ಪಿಯು ಪರೀಕ್ಷೆ ಹತ್ತಿರವಿದ್ದಾಗಲೂ ಒಂದು ಜಲ್ಸಾಕ್ಕೆ ಶಾಮಿಯಾನ, ಕುರ್ಚಿ ತರಲು ನಾವು ಅವನನ್ನೇ ಕಳಿಸಿದೆವು. ಅವನೂ ಇಲ್ಲ ಎನ್ನಲಿಲ್ಲ.

ಹುಡುಗ ಪಾಸಾದ. ಆದರೆ ಅವನು ಬಯಸಿದ್ದ ಕಾಲೇಜಿಗೆ ಆ ಅಂಕ ಸಾಲಲಿಲ್ಲ. ಅವನ ತಾಯಿ ಮಸೀದಿಯ ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲೇ ಹೇಳಿದರು: "ಹಜರತ್, ಮಸೀದೀಲಿ ಚಾಪೆ ಹಾಸೋಕೆ ಹತ್ತು ಹುಡುಗರು ಸಿಗ್ತಾರೆ. ನಮ್ಮ ಮನೇಲಿ ಓದೋನು ಇವನೊಬ್ಬನೇ." ನಮಗೆ ಉತ್ತರ ಹೊಳೆಯಲಿಲ್ಲ. ಕ್ಷಮೆ ಕೇಳಿದೆವು. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಮುಂದೆ ಆ ಹುಡುಗ ಬೇರೊಂದು ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿದ. ಪ್ರವೇಶದ ದಿನ ತಂದೆ ಗೇಟಿನ ಹೊರಗೇ ನಿಂತುಬಿಟ್ಟರಂತೆ, ಒಳಗೆ ಬರಲು ಸಂಕೋಚ. ಮಗನೇ ಕಾಗದಗಳನ್ನು ಜೋಡಿಸಿಕೊಂಡು ಕಿಟಕಿಯಿಂದ ಕಿಟಕಿಗೆ ಹೋಗಿ ಕೆಲಸ ಮುಗಿಸಿ ಬಂದ. "ರೇಷನ್ ಪಟ್ಟಿ ಹಿಡಿದು ಇನ್ನೂರು ಮನೆ ಬಾಗಿಲು ತಟ್ಟಿದ್ದೆ ಹಜರತ್, ಆಫೀಸಿನ ಕಿಟಕಿಗೆ ಯಾಕೆ ಹೆದರಲಿ?" ಎಂದು ನಕ್ಕ. ಸೇವೆ ಅವನಿಗೆ ಕೊಟ್ಟದ್ದೂ ನಿಜ, ನಾವು ಅವನಿಂದ ಕಿತ್ತುಕೊಂಡದ್ದೂ ನಿಜ. ಪಟ್ಟಿ ಬರೆದು ಮನೆಮನೆಗೆ ಹೋಗಿದ್ದು ಅವನನ್ನು ಬೆಳೆಸಿತು. ಪರೀಕ್ಷೆಯ ಹೊತ್ತಿನಲ್ಲಿ ಕುರ್ಚಿ ಹೊತ್ತದ್ದು ಅವನ ಅಂಕ ತಿಂದಿತು.

ನಾವು ಮಾಡಬೇಕಾದದ್ದು

ಒಂದು: ಮಕ್ಕಳಿಗೆ ಓಡಾಟದ ಕೆಲಸಕ್ಕಿಂತ ಹೊಣೆಯ ಕೆಲಸ ಕೊಡೋಣ. ಇಫ್ತಾರ್ ಖರ್ಚಿನ ಲೆಕ್ಕ ಬರೆಯುವುದು, ರಕ್ತದಾನಿಗಳ ಪಟ್ಟಿ ಇಡುವುದು, ಚಿಕ್ಕ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವುದು, ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ವರದಿ ಓದುವುದು. ತಪ್ಪಾದರೆ ತಿದ್ದೋಣ, ಕೆಲಸವನ್ನು ಕಿತ್ತುಕೊಳ್ಳದಿರೋಣ.

ಎರಡು: ಗಂಟೆಗೆ ಮಿತಿ ಇರಲಿ. ಆ ತಾಯಿಯ ಮಾತಿನ ನಂತರ ನಮ್ಮ ಮಸೀದಿಯಲ್ಲಿ ವಾರಕ್ಕೆ ನಾಲ್ಕು ಗಂಟೆ ಎಂದು ನಿಯಮ ಮಾಡಿದ್ದೇವೆ. ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳಿದ್ದಾಗಿನಿಂದ ಪೂರ್ತಿ ಬಿಡುವು. ಆಗ ಚಾಪೆ ಹಾಸುವುದು ನಿವೃತ್ತರ ಪಾಳಿ.

ಮೂರು: ಮಾಡಿದ ಕೆಲಸವನ್ನು ಬರೆದಿಡೋಣ. ದಿನಾಂಕ, ಗಂಟೆ, ಕೆಲಸದ ವಿವರ ಇರುವ ಒಂದು ಪುಸ್ತಕ ಸಾಕು. ಬೇಕಾದಾಗ ಅದನ್ನು ನೋಡಿ ಕಮಿಟಿಯವರು ಪತ್ರ ಬರೆದುಕೊಡಬಹುದು. ಆದರೆ ಮಾಡದ ಸೇವೆಗೆ ಪತ್ರ ಕೊಡುವುದು ಸುಳ್ಳು ಸಾಕ್ಷಿ. ಅದು ಎಷ್ಟು ದೊಡ್ಡ ಪಾಪವೆಂದು ನಾವು ಹೇಳಬೇಕಾಗಿಲ್ಲ.

ನಾಲ್ಕು: ಹೆಣ್ಣುಮಕ್ಕಳನ್ನು ಬಿಡಬೇಡಿ. ಮನೆಯಲ್ಲೇ ಅಕ್ಕಪಕ್ಕದ ಐದು ಮಕ್ಕಳಿಗೆ ಪಾಠ ಹೇಳುವ ಹುಡುಗಿ ಮಾಡುತ್ತಿರುವುದು ಸೇವೆಯೇ, ನಾಯಕತ್ವವೇ. ಅವಳ ಹೆಸರೂ ಆ ಪುಸ್ತಕದಲ್ಲಿರಲಿ. ಅವಳು ಎನ್ಎಸ್ಎಸ್ ಶಿಬಿರಕ್ಕೆ ಹೋಗಬೇಕೆಂದರೆ ಕೂಡಲೇ ಬೇಡ ಎನ್ನುವ ಮೊದಲು ಅಬ್ಬಾ, ಅಮ್ಮಿ ಇಬ್ಬರೂ ಹೋಗಿ ಅಲ್ಲಿನ ಅಧ್ಯಾಪಕಿಯೊಂದಿಗೆ ಮಾತನಾಡಲಿ.

ಐದು: ಕಾಗದಪತ್ರದ ಕೆಲಸವನ್ನೇ ಒಂದು ಸೇವೆಯಾಗಿ ಮಾಡೋಣ. ನಮ್ಮ ಮನೆಗಳಲ್ಲಿ ಒಂದೇ ಮಗುವಿನ ಹೆಸರು ಜನನ ಪತ್ರದಲ್ಲಿ ಮೊಹಮ್ಮದ್, ಶಾಲೆಯಲ್ಲಿ ಮಹಮದ್, ಆಧಾರ್‌ನಲ್ಲಿ ಇನ್ನೊಂದು. ಎಸ್ಎಸ್ಎಲ್‌ಸಿ ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಬೇಕು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಮೂಲಕ ವೃತ್ತಿಪರ ಕೋರ್ಸ್ ಸೇರುವವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ, ಇವನ್ನೆಲ್ಲ ಈಗಾಗಲೇ ಕಾಲೇಜು ಸೇರಿದ ಹುಡುಗ ಹುಡುಗಿಯರೇ ಕಿರಿಯರಿಗೆ ತಿಳಿಸಿಕೊಡಲಿ. ಮೇಲೆ ಹೇಳಿದ ಆ ಹುಡುಗ ಈಗ ಭಾನುವಾರ ಅಸರ್ ನಮಾಝ್‌ನ ನಂತರ ಮಸೀದಿಯ ಜಗಲಿಯಲ್ಲಿ ಕೂತು ಇದನ್ನೇ ಮಾಡುತ್ತಾನೆ.

ವೈದ್ಯರಾಗಿದ್ದ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ನಮ್ಮ ಇದೇ ಬೆಂಗಳೂರಿನಲ್ಲಿ ಅಲ್ ಅಮೀನ್ ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ಹಿರಿಯರು ಕಾಲೇಜು ಕಟ್ಟಿಕೊಟ್ಟು ಹೋಗಿದ್ದಾರೆ. ಗೇಟಿನ ಹೊರಗೆ ಸಂಕೋಚದಿಂದ ನಿಂತ ತಂದೆಯನ್ನೂ ಮಗುವನ್ನೂ ಕೈಹಿಡಿದು ಒಳಗೆ ಕರೆದೊಯ್ಯುವ ಕೆಲಸ ನಮ್ಮ ಪಾಲಿಗಿದೆ.

ಆಟೋ ಓಡಿಸುವ ಆ ಸಹೋದರರಿಗೆ ನಮ್ಮ ಉತ್ತರ ಇಷ್ಟು: ಸೇವೆಯಿಂದ ಸೀಟು ಸಿಗುತ್ತದೆಂದು ನಾವು ಹೇಳಲಾರೆವು. ಸೀಟು ಸಿಗಬೇಕಾದರೆ ಅವನು ಓದಬೇಕು. ಆದರೆ ಸಿಕ್ಕ ಸೀಟಿನಲ್ಲಿ ತಲೆಯೆತ್ತಿ ಕೂರುವ ಧೈರ್ಯ ಸೇವೆಯಿಂದ ಬರುತ್ತದೆ. ಮಗನನ್ನು ಮಸೀದಿಗೆ ಕಳಿಸಿ. ಅವನನ್ನು ಹೊತ್ತಿಗೆ ಸರಿಯಾಗಿ ಪುಸ್ತಕದ ಮುಂದೆ ಮರಳಿ ಕಳಿಸುವ ಜವಾಬ್ದಾರಿ ನಮ್ಮದು.

ನಮ್ಮ ಮಕ್ಕಳಿಗೆ ಅಲ್ಲಾಹನು ಉಪಯುಕ್ತ ವಿದ್ಯೆಯನ್ನೂ, ಅವರ ಸಮಯದ ಬೆಲೆ ಅರಿಯುವ ಬುದ್ಧಿಯನ್ನು ಹಿರಿಯರಾದ ನಮಗೂ ಕರುಣಿಸಲಿ. ಆಮೀನ್.